ಬಿ-ಸ್ಕೂಲ್ ಅರ್ಜಿ: ಸಮಿತಿಯ ಮೇಜಿನ ಮೇಲೆ ಎದ್ದು ಕಾಣುವ ಬಗೆ

ಎಂಬಿಎ ಪ್ರವೇಶಕ್ಕೆ ಎರಡು ದಾರಿಗಳಿವೆ. ಒಂದು ಅಂಕದ ದಾರಿ, ಇನ್ನೊಂದು ಅರ್ಜಿಯ ದಾರಿ. ಐಐಎಂಗಳ ಎರಡು ವರ್ಷದ ಕೋರ್ಸಿಗೆ ಹೋಗುವವರದು ಬಹುಮಟ್ಟಿಗೆ ಮೊದಲನೆಯದು. ಐಐಎಂ ಬೆಂಗಳೂರು ಕ್ಯಾಟ್ ಸ್ಕೋರು, ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕ, ಪದವಿಯ ಅಂಕ, ಕೆಲಸದ ಅನುಭವ ಮುಂತಾದವಕ್ಕೆ ಇಂತಿಷ್ಟು ತೂಕವೆಂದು ಮೊದಲೇ ಪ್ರಕಟಿಸುತ್ತದೆ. ಲೆಕ್ಕ ಹಾಕಿದಾಗ ಬರುವ ಮೊತ್ತದ ಮೇಲೆ ಸಂದರ್ಶನದ ಕರೆ ಹೋಗುತ್ತದೆ. ಆ ಹಂತದಲ್ಲಿ ಅಭ್ಯರ್ಥಿಯ ಕಥೆಗೆ ಜಾಗ ಕಡಿಮೆ.

ಹಾರ್ವರ್ಡ್, ಸ್ಟ್ಯಾನ್‌ಫೋರ್ಡ್, ವಾರ್ಟನ್, ಫ್ರಾನ್ಸಿನ ಇನ್ಸಿಯಾಡ್, 2001ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಐಎಸ್‌ಬಿ ಇವುಗಳ ಕ್ರಮ ಬೇರೆ. ಅಲ್ಲಿ ಸ್ಕೋರು, ಅಂಕಪಟ್ಟಿ, ರೆಸ್ಯೂಮೆ, ಪ್ರಬಂಧಗಳು, ಶಿಫಾರಸು ಪತ್ರ, ಸಂದರ್ಶನ ಎಲ್ಲವನ್ನೂ ಒಟ್ಟಿಗಿಟ್ಟು ಒಂದು ಸಮಿತಿ ಓದುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬ ಸೂತ್ರವನ್ನು ಅದು ಪ್ರಕಟಿಸುವುದಿಲ್ಲ. ಸಿಇಟಿ ರ‍್ಯಾಂಕು, ಕಟ್-ಆಫ್, ಕೌನ್ಸೆಲಿಂಗ್ ನೋಡಿ ಬೆಳೆದ ಕರ್ನಾಟಕದ ಇಂಜಿನಿಯರುಗಳಿಗೆ ಗಲಿಬಿಲಿಯಾಗುವುದು ಇಲ್ಲಿಯೇ. ‘ಎಷ್ಟು ಸ್ಕೋರು ಬಂದರೆ ಸೀಟು ಗ್ಯಾರಂಟಿ?’ ಎಂಬ ಅವರ ಮೊದಲ ಪ್ರಶ್ನೆಗೆ ಈ ದಾರಿಯಲ್ಲಿ ಉತ್ತರವಿಲ್ಲ.

ಸಮಿತಿ ಕಟ್ಟುವುದು ತರಗತಿಯನ್ನು

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಒಂದು ವರ್ಷದ ಬ್ಯಾಚಿನಲ್ಲಿ ಸುಮಾರು 930 ವಿದ್ಯಾರ್ಥಿಗಳಿರುತ್ತಾರೆ. ಈಚಿನ ವರ್ಷಗಳಲ್ಲಿ ಬರುತ್ತಿರುವ ಅರ್ಜಿಗಳು 8ರಿಂದ 10 ಸಾವಿರ. ಸ್ಟ್ಯಾನ್‌ಫೋರ್ಡಿನಲ್ಲಿ ಸೀಟುಗಳು ನಾನ್ನೂರು ಚಿಲ್ಲರೆ, ಅರ್ಜಿಗಳು ಆರೇಳು ಸಾವಿರ. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನ ಓದನ್ನು ನಿಭಾಯಿಸಬಲ್ಲವರೇ. ಹಾಗಾಗಿ ಸಮಿತಿಯ ಮುಂದಿರುವ ಪ್ರಶ್ನೆ ಯಾರು ಅರ್ಹರು ಎಂಬುದಲ್ಲ. ಅರ್ಹರಾದ ಇಷ್ಟೊಂದು ಮಂದಿಯಲ್ಲಿ ಯಾರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಎಲ್ಲರ ಕಲಿಕೆಗೂ ಲಾಭ ಎಂಬುದು.

ಇದರ ಬೇರು ಪಾಠ ಹೇಳುವ ಕ್ರಮದಲ್ಲಿದೆ. ಹಾರ್ವರ್ಡಿನಲ್ಲಿ ಪಾಠ ನಡೆಯುವುದು ಕೇಸ್ ಪದ್ಧತಿಯಲ್ಲಿ. ಯಾವುದೋ ಕಂಪನಿ ನಿಜವಾಗಿ ಎದುರಿಸಿದ ಇಕ್ಕಟ್ಟನ್ನು ವಿದ್ಯಾರ್ಥಿಗಳು ಓದಿಕೊಂಡು ಬರುತ್ತಾರೆ; ಸುಮಾರು 90 ಜನರ ವಿಭಾಗದಲ್ಲಿ ಅದರ ಮೇಲೆ ವಾದ ನಡೆಯುತ್ತದೆ. ಮಾತಾಡಿದ್ದಕ್ಕೂ ಅಂಕವಿದೆ, ಅದು ದೊಡ್ಡ ಪಾಲೇ. ಆಸ್ಪತ್ರೆ ನಡೆಸಿದವರು, ಸೇನೆಯಲ್ಲಿದ್ದವರು, ಬ್ಯಾಂಕಿನಿಂದ ಬಂದವರು, ಸಾಫ್ಟ್‌ವೇರ್ ಬರೆದವರು ಒಟ್ಟಿಗಿದ್ದರೆ ಮಾತ್ರ ಆ ವಾದಕ್ಕೆ ಜೀವ ಬರುತ್ತದೆ. ಪಲ್ಯ ಎಷ್ಟೇ ರುಚಿಯಾಗಿರಲಿ, ಬಾಳೆಎಲೆಯ ತುಂಬ ಅದನ್ನೇ ಬಡಿಸುವುದಿಲ್ಲವಲ್ಲ.

ಭಾರತದ ಐಟಿ ಇಂಜಿನಿಯರುಗಳ ಕಷ್ಟವೂ ಇದೇ. ಇಂಜಿನಿಯರಿಂಗ್ ಪದವಿ, ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿ ನಾಲ್ಕು ವರ್ಷ, ಅಮೆರಿಕದ ಕ್ಲೈಂಟ್, ಒಳ್ಳೆಯ ಸ್ಕೋರು: ಈ ವಿವರಗಳಿರುವ ಅರ್ಜಿಗಳು ರಾಶಿ ರಾಶಿ ಬರುತ್ತವೆ. ಹಾಗೆಂದು ಬೆಂಗಳೂರಿನ ಇಂಜಿನಿಯರ್ ತಾನು ಇಂಜಿನಿಯರ್ ಎಂಬುದನ್ನು ಮುಚ್ಚಿಡಬೇಕಿಲ್ಲ, ಮುಚ್ಚಿಡಲು ಆಗುವುದೂ ಇಲ್ಲ. ಅದೇ ಕೆಲಸ ಮಾಡುವ ಇತರರಿಗೆ ಇಲ್ಲದ ಯಾವ ಸಂದರ್ಭ, ಯಾವ ನಿರ್ಧಾರ, ಯಾವ ಹಿನ್ನೆಲೆ ತನಗಿದೆ ಎಂಬುದನ್ನು ಅರ್ಜಿ ತೋರಿಸಿಕೊಟ್ಟರೆ ಸಾಕು.

ಸ್ಕೋರು ಮತ್ತು ಅಂಕಪಟ್ಟಿ

ಸ್ಕೋರು ಬಾಗಿಲು ತೆರೆಯುತ್ತದೆ, ಒಳಗೆ ಕೂರಿಸುವುದಿಲ್ಲ. ಬಿ-ಸ್ಕೂಲ್ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಈಗಿನ ರೂಪ 2023ರ ನವೆಂಬರಿನಲ್ಲಿ ಬಂತು. ಹಳೆಯದು 2024ರ ಜನವರಿಗೆ ಕೊನೆಯಾಯಿತು. ಹೊಸ ಪರೀಕ್ಷೆಯಲ್ಲಿ ಗಣಿತ, ಭಾಷೆ, ದತ್ತಾಂಶ ವಿಶ್ಲೇಷಣೆ ಎಂಬ ಮೂರು ಭಾಗಗಳಿವೆ. ಒಂದೊಂದಕ್ಕೂ 45 ನಿಮಿಷ, ಒಟ್ಟು 64 ಪ್ರಶ್ನೆಗಳು. ಅಂಕಗಳು 205ರಿಂದ 805ರವರೆಗೆ. ಹಳೆಯ ಅಳತೆಗೋಲಿನ 700, ಹೊಸದರಲ್ಲಿ ಸುಮಾರು 645ಕ್ಕೆ ಸಮ. 740 ಎಂದರೆ ಸುಮಾರು 685. ಇದು ತಿಳಿಯದೆ ಹೊಸ ಪರೀಕ್ಷೆಯಲ್ಲಿ 665 ಬಂತೆಂದು ಪೆಚ್ಚಾಗುವವರಿದ್ದಾರೆ. ಅದು ನಿಜಕ್ಕೂ ಒಳ್ಳೆಯ ಸ್ಕೋರು. ಬಹುತೇಕ ಶಾಲೆಗಳು ಜಿಆರ್‌ಇಯನ್ನೂ ಒಪ್ಪುತ್ತವೆ. ಎರಡರ ಅಂಕಗಳೂ ಐದು ವರ್ಷ ಚಾಲ್ತಿಯಲ್ಲಿರುತ್ತವೆ.

ಶಾಲೆಗಳು ತಮ್ಮ ಬ್ಯಾಚಿನ ಮಧ್ಯಾಂಕವನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಅದರ ಆಸುಪಾಸಿಗೆ ಅಥವಾ ತುಸು ಮೇಲಕ್ಕೆ ಬಂದವರು ಪರೀಕ್ಷೆಯ ತಯಾರಿ ನಿಲ್ಲಿಸಿ ಪ್ರಬಂಧದ ಕಡೆ ತಿರುಗುವುದು ಲೇಸು. ಇನ್ನೂ 20 ಅಂಕಕ್ಕಾಗಿ ಮೂರು ತಿಂಗಳು ಕಳೆದು, ಪ್ರಬಂಧವನ್ನು ಕೊನೆಯ ವಾರಕ್ಕೆ ತಳ್ಳುವುದು ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ತಪ್ಪು. ಅಂಕ ಹೆಚ್ಚಿಸಿಕೊಳ್ಳುವ ಅಭ್ಯಾಸ ಬಾಲ್ಯದ ಶಾಲೆಯಿಂದಲೇ ಇದೆ, ತನ್ನ ಬಗ್ಗೆ ಬರೆಯುವ ಅಭ್ಯಾಸ ಇಲ್ಲ. ಅಭ್ಯಾಸವಿಲ್ಲದ ಕೆಲಸಕ್ಕೇ ಹೆಚ್ಚು ಸಮಯ ಬೇಕಲ್ಲವೆ?

ಅಂಕಪಟ್ಟಿಯನ್ನು ಸಮಿತಿ ಒಟ್ಟು ಶೇಕಡಾವಾರಿನಲ್ಲಿ ಮಾತ್ರ ನೋಡುವುದಿಲ್ಲ. ಯಾವ ಸೆಮಿಸ್ಟರ್, ಯಾವ ವಿಷಯ, ಏರಿದೆಯೋ ಇಳಿದಿದೆಯೋ ಎಂಬುದನ್ನೂ ಗಮನಿಸುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಎರಡು ಬ್ಯಾಕ್‌ಲಾಗ್ ಇದ್ದರೆ ಅದನ್ನು ಹೇಳಲು ಹೆಚ್ಚಿನ ಮಾಹಿತಿಯ ಅಂಕಣವಿರುತ್ತದೆ. ಅಲ್ಲಿ ನಾಲ್ಕೈದು ಸಾಲು ಸಾಕು: ಏನಾಯಿತು, ಏಕಾಯಿತು, ಆಮೇಲೆ ಹೇಗೆ ಸರಿಪಡಿಸಿಕೊಂಡದ್ದು. ಗೋಳಾಟವೂ ಬೇಡ, ಕಾಲೇಜಿನ ಮೇಲೆ ದೂರೂ ಬೇಡ. ಗಣಿತದಲ್ಲಿ ಹಿಂದುಳಿದದ್ದು ಎದ್ದು ಕಾಣುತ್ತಿದ್ದರೆ, ಅರ್ಜಿಗೆ ಮುಂಚೆ ಸಂಖ್ಯಾಶಾಸ್ತ್ರ ಅಥವಾ ಲೆಕ್ಕಶಾಸ್ತ್ರದ ಆನ್‌ಲೈನ್ ಕೋರ್ಸೊಂದನ್ನು ಮುಗಿಸಿ ಫಲಿತಾಂಶ ಲಗತ್ತಿಸುವುದು ಯಾವ ವಿವರಣೆಗಿಂತಲೂ ಬಲವಾದ ಉತ್ತರ.

ರೆಸ್ಯೂಮೆ: ಒಂದೇ ಪುಟ

ಬಿ-ಸ್ಕೂಲಿನ ರೆಸ್ಯೂಮೆ, ಕೆಲಸಕ್ಕೆ ಕಳಿಸುವ ರೆಸ್ಯೂಮೆಗಿಂತ ಬೇರೆ. ಅದು ಒಂದು ಪುಟ ಮೀರಬಾರದು. ಓದುವವರು ಸಾಫ್ಟ್‌ವೇರ್ ಬಲ್ಲವರೇ ಆಗಿರಬೇಕೆಂದಿಲ್ಲ. ಆದ್ದರಿಂದ ಜಾವಾ, ಸ್ಪ್ರಿಂಗ್, ಕುಬರ್ನೆಟೀಸ್ ಎಂಬ ಪಟ್ಟಿ ಅವರಿಗೆ ಏನನ್ನೂ ಹೇಳುವುದಿಲ್ಲ. ಏನು ಬದಲಾಯಿತು, ಅದರಲ್ಲಿ ಅಭ್ಯರ್ಥಿಯ ಕೈ ಎಷ್ಟು ಎಂಬುದಷ್ಟೇ ಅವರಿಗೆ ಬೇಕು.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ‘ಅಮೆರಿಕದ ಬ್ಯಾಂಕೊಂದರ ಪಾವತಿ ಪ್ರಾಜೆಕ್ಟಿನಲ್ಲಿ ಡೆವಲಪರ್ ಆಗಿ ಕೆಲಸ; ತಂಡದ ಸಮನ್ವಯ; ಸಮಯಕ್ಕೆ ಸರಿಯಾಗಿ ಡೆಲಿವರಿ’ ಎಂಬ ಸಾಲು ಸಾವಿರಾರು ರೆಸ್ಯೂಮೆಗಳಲ್ಲಿ ಇರುತ್ತದೆ. ಇದರಲ್ಲಿ ಸುಳ್ಳಿಲ್ಲ, ಆದರೆ ಮನುಷ್ಯನೂ ಇಲ್ಲ. ಅದೇ ಕೆಲಸವನ್ನು ಹೀಗೆ ಬರೆಯಬಹುದು: ‘ರಾತ್ರಿ ಪಾವತಿಗಳು ವಿಫಲವಾಗುತ್ತಿದ್ದ ಕಾರಣವನ್ನು ಸ್ವಂತ ಆಸಕ್ತಿಯಿಂದ ಹುಡುಕಿ, 6 ಜನರ ತಂಡ ಕಟ್ಟಿಕೊಂಡು ತಪಾಸಣೆಯ ಕ್ರಮ ಬದಲಿಸಿದ್ದು; ಗ್ರಾಹಕರ ದೂರು ತಿಂಗಳಿಗೆ 400ರಿಂದ 150ಕ್ಕೆ ಇಳಿದದ್ದು; ಬ್ಯಾಂಕು ಅದೇ ಕ್ರಮವನ್ನು ಇನ್ನೆರಡು ವಿಭಾಗಗಳಲ್ಲಿ ಜಾರಿಗೆ ತಂದದ್ದು.’ ಎರಡನೆಯದರಲ್ಲಿ ಯಾರೂ ಹೇಳದೆ ಮುಂದೆ ಬಿದ್ದದ್ದು, ಜನರನ್ನು ಜೊತೆಗೆ ಕರೆದೊಯ್ದದ್ದು, ಫಲ ಕಂಡದ್ದು ಮೂರೂ ಇವೆ. ‘ನಾಯಕತ್ವ ಗುಣ’ ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ.

ಅಂಕಿಗಳು ನಿಜವಾಗಿರಬೇಕು, ಕೇಳಿದರೆ ಲೆಕ್ಕ ಒಪ್ಪಿಸುವಂತಿರಬೇಕು. ಇಡೀ ಕಂಪನಿಯ ಲಾಭವನ್ನು ತನ್ನ ಹೆಸರಿಗೆ ಬರೆದುಕೊಂಡ ಟೀಮ್ ಲೀಡ್ ಸಂದರ್ಶನದ ಎರಡನೇ ಪ್ರಶ್ನೆಗೇ ತಡವರಿಸುತ್ತಾನೆ. ಬಡ್ತಿಯ ವೇಗ, ವಹಿಸಿಕೊಂಡ ಹೊಣೆಯ ಏರಿಕೆ, ಹೊಸಬರಿಗೆ ಕಲಿಸಿದ್ದು ಇವು ಸಂಬಳದ ಅಂಕಿಗಿಂತ ಹೆಚ್ಚು ಮಾತಾಡುತ್ತವೆ.

ಗುರಿ ಎಷ್ಟು ನಿಖರ?

ಎಂಬಿಎ ಏಕೆ, ಈಗಲೇ ಏಕೆ, ಇಲ್ಲಿಯೇ ಏಕೆ: ಈ ಮೂರು ಪ್ರಶ್ನೆಗಳನ್ನು ಒಂದಲ್ಲ ಒಂದು ರೂಪದಲ್ಲಿ ಬಹುತೇಕ ಶಾಲೆಗಳು ಕೇಳುತ್ತವೆ. ‘ಮೊದಲು ಕನ್ಸಲ್ಟಿಂಗ್, ಆಮೇಲೆ ಸಮಾಜಕ್ಕೆ ಒಳಿತಾಗುವ ಸ್ಟಾರ್ಟಪ್’ ಎಂಬ ಉತ್ತರ ಎಷ್ಟು ಸಲ ಬಂದಿದೆಯೆಂದರೆ ಅದು ಉತ್ತರವಾಗಿಯೇ ಉಳಿದಿಲ್ಲ.

ಗುರಿಗೆ ಬಲ ಬರುವುದು ಅಭ್ಯರ್ಥಿ ಕಂಡುಂಡ ವಿಷಯದಿಂದ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಮನೆಯಿಂದ ಬಂದು ಬೆಂಗಳೂರಿನಲ್ಲಿ ಡೇಟಾ ಅನಲಿಸ್ಟ್ ಆಗಿರುವ ಒಬ್ಬಳನ್ನು ಊಹಿಸಿಕೊಳ್ಳಬಹುದು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಆದರೆ ಅರೇಬಿಕಾದ ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕಿನ ವಿನಿಮಯ ಕೇಂದ್ರದಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ. ಕಣದಲ್ಲಿ ಚೆರ್ರಿ ಒಣಗಿಸುವ ಸಣ್ಣ ಬೆಳೆಗಾರ ಊರಿನ ವ್ಯಾಪಾರಿ ಹೇಳಿದ ದರಕ್ಕೆ ಮಾರುತ್ತಾನೆ. ಬೆಲೆಯ ಏರಿಳಿತದಿಂದ ತಪ್ಪಿಸಿಕೊಳ್ಳುವ ವಾಯಿದಾ ವ್ಯಾಪಾರದ ದಾರಿ ಅವನಿಗೆ ಎಟಕುವುದಿಲ್ಲ. ಈ ಅಭ್ಯರ್ಥಿ ‘ಎಂಬಿಎ ಮುಗಿಸಿ ಮೊದಲು ಕೃಷಿ ಸರಕಿನ ವ್ಯಾಪಾರ ಮಾಡುವ ಕಂಪನಿಯಲ್ಲಿ ಅಪಾಯ ನಿರ್ವಹಣೆ ಕಲಿಯುವೆ, ಆಮೇಲೆ ಸಣ್ಣ ಬೆಳೆಗಾರರ ಉತ್ಪಾದಕ ಕಂಪನಿಗಳಿಗೆ ಆ ರಕ್ಷಣೆ ಸಿಗುವಂತೆ ಮಾಡುವೆ’ ಎಂದು ಬರೆದರೆ, ಏಕೆ ಎಂದು ಕೇಳುವ ಅಗತ್ಯ ಸಮಿತಿಗೆ ಬರುವುದಿಲ್ಲ. ಹಿನ್ನೆಲೆ, ಈಗಿನ ಕೆಲಸ, ಮುಂದಿನ ಗುರಿ ಮೂರೂ ಒಂದೇ ಎಳೆಯಲ್ಲಿ ಕೂಡಿಕೊಂಡಿವೆ. ಕಲಿಯಬೇಕಾದ್ದು ಏನೆಂಬುದೂ ಅವಳಿಗೆ ಗೊತ್ತಿದೆ.

ಗುರಿ ಕೈಗೆಟಕುವಂತೆಯೂ ಇರಬೇಕು. ಯಾವ ಶಾಲೆಯಿಂದ ಎಷ್ಟು ಮಂದಿ ಯಾವ ಕ್ಷೇತ್ರಕ್ಕೆ ಹೋದರೆಂಬ ಉದ್ಯೋಗ ವರದಿಯನ್ನು ಶಾಲೆಗಳೇ ಪ್ರಕಟಿಸುತ್ತವೆ. ಅದರಲ್ಲಿ ಹೆಸರೇ ಇಲ್ಲದ ಕ್ಷೇತ್ರವನ್ನು ಮೊದಲ ಗುರಿಯೆಂದು ಬರೆದರೆ ಅಭ್ಯರ್ಥಿ ಪೂರ್ವತಯಾರಿ ಮಾಡಿಲ್ಲ ಎಂದೇ ಅರ್ಥ. ‘ಈ ಶಾಲೆಯೇ ಏಕೆ’ ಎಂಬುದಕ್ಕೂ ಇದೇ ಮಾತು ಸಲ್ಲುತ್ತದೆ. ಜಾಗತಿಕ ಖ್ಯಾತಿ, ಶ್ರೇಷ್ಠ ಪ್ರಾಧ್ಯಾಪಕರು, ವೈವಿಧ್ಯ ಎಂಬ ಮೂರು ಪದಗಳನ್ನು ಯಾವ ಶಾಲೆಯ ಅರ್ಜಿಗಾದರೂ ಅಂಟಿಸಬಹುದು. ಹೆಸರು ಬದಲಿಸಿದರೂ ಅರ್ಥ ಕೆಡದ ವಾಕ್ಯ ಅರ್ಜಿಯಲ್ಲಿ ಇರಲೇಬಾರದು. ಒಂದು ನಿರ್ದಿಷ್ಟ ಕೋರ್ಸು, ಒಂದು ಪ್ರಯೋಗಾಲಯ, ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ ಮಾತಾಡಿ ತಿಳಿದ ಒಂದು ಸಂಗತಿ ಇದ್ದರೆ ಆ ಭಾಗ ಗಟ್ಟಿಯಾಗುತ್ತದೆ.

ಪ್ರಬಂಧ: ಕೇಳಿದ್ದಕ್ಕೆ ಉತ್ತರ

ಪ್ರತಿ ಶಾಲೆಯ ಪ್ರಶ್ನೆಯಲ್ಲಿ ಅದರ ಸ್ವಭಾವ ಕಾಣುತ್ತದೆ. ಸ್ಟ್ಯಾನ್‌ಫೋರ್ಡ್ ಬಹಳ ವರ್ಷಗಳಿಂದ ಬದಲಿಸದೆ ಕೇಳುತ್ತಿರುವ ಪ್ರಶ್ನೆ: ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು, ಏಕೆ? ಹಾರ್ವರ್ಡ್ 2024ರಲ್ಲಿ ತನ್ನ ಒಂದೇ ದೊಡ್ಡ ಪ್ರಬಂಧವನ್ನು ಕೈಬಿಟ್ಟು ಮೂರು ಚಿಕ್ಕವನ್ನು ತಂದಿತು: ವೃತ್ತಿಯ ಆಯ್ಕೆಗಳ ಬಗ್ಗೆ 300 ಪದ, ನಾಯಕತ್ವಕ್ಕೆ 250, ಕುತೂಹಲ ಮತ್ತು ಬೆಳವಣಿಗೆಗೆ 250. ಎಂಐಟಿ ಸ್ಲೋನ್ ಕೇಳುವುದು ಕೆಲಸಕ್ಕೆ ಬರೆಯುವಂಥ ಒಂದು ಕವರ್ ಲೆಟರ್. ಜೊತೆಗೆ ಅಭ್ಯರ್ಥಿ ಕಂಪನಿಯಲ್ಲಿ ಯಾರ ಕೆಳಗೆ, ಯಾರ ಮೇಲಿದ್ದಾನೆಂದು ತೋರಿಸುವ ನಕ್ಷೆ. ಬರ್ಕ್ಲಿಯ ಹಾಸ್ ಶಾಲೆ ಇರುವುದನ್ನು ಪ್ರಶ್ನಿಸುವುದು, ಅಹಂಕಾರವಿಲ್ಲದ ಆತ್ಮವಿಶ್ವಾಸ, ಸದಾ ಕಲಿಯುವುದು, ತನ್ನಾಚೆಗೂ ಯೋಚಿಸುವುದು ಎಂಬ ನಾಲ್ಕು ತತ್ವಗಳನ್ನು ಬಹಿರಂಗವಾಗಿ ಸಾರಿದೆ. ಡ್ಯೂಕ್ ವಿಶ್ವವಿದ್ಯಾಲಯದ ಫ್ಯುಕ್ವಾ ಶಾಲೆ ಅಭ್ಯರ್ಥಿಯ ಬಗ್ಗೆ 25 ಬಿಡಿ ಸಂಗತಿಗಳನ್ನು ಪಟ್ಟಿ ಮಾಡಲು ಹೇಳಿ ಹೆಸರಾಗಿದೆ.

ಹೀಗಿರುವಾಗ ಒಂದೇ ಪ್ರಬಂಧವನ್ನು ಅಲ್ಲಲ್ಲಿ ತಿದ್ದಿ ಐದು ಶಾಲೆಗಳಿಗೆ ಕಳಿಸಿದರೆ ಐದೂ ಕಡೆ ಅದು ಪರಕೀಯವಾಗಿಯೇ ಇರುತ್ತದೆ. ಹಾರ್ವರ್ಡಿನ ನಾಯಕತ್ವದ ಪ್ರಶ್ನೆಗೆ ಸ್ಟ್ಯಾನ್‌ಫೋರ್ಡಿಗೆ ಬರೆದ ಬಾಲ್ಯದ ನೆನಪು ಹೊಂದುವುದಿಲ್ಲ.

250 ಪದ ಎಂದರೆ ಇಂಗ್ಲಿಷಿನಲ್ಲಿ ಅರ್ಧ ಪುಟ ದಾಟುವುದಿಲ್ಲ. ಅಷ್ಟರಲ್ಲಿ ಒಂದೇ ಒಂದು ಘಟನೆಗೆ ಜಾಗವಿದೆ. ಉದಾಹರಣೆಗೆ, ಶುಕ್ರವಾರ ಸಂಜೆ ತಂತ್ರಾಂಶದ ಹೊಸ ಆವೃತ್ತಿ ಬಿಡುಗಡೆಯಾಗಬೇಕು. ಕೆಲಸಕ್ಕೆ ಸೇರಿ ಮೂರೇ ತಿಂಗಳಾದ ಟೆಸ್ಟರ್ ಒಬ್ಬಳು ಒಂದು ದೋಷ ತೋರಿಸುತ್ತಾಳೆ. ಮೇಲಿನ ಮ್ಯಾನೇಜರಿಗೆ ಬಿಡುಗಡೆ ಆಗಲೇಬೇಕು. ಇಲ್ಲಿ ‘ಒತ್ತಡದ ನಡುವೆಯೂ ತಂಡವನ್ನು ಯಶಸ್ವಿಯಾಗಿ ಮುನ್ನಡೆಸಿದೆ’ ಎಂದು ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ಆ ಟೆಸ್ಟರ್ ಹೇಳಿದ ಮಾತನ್ನು ನಂಬಲು ಕಾರಣವೇನಿತ್ತು, ಮ್ಯಾನೇಜರಿಗೆ ಫೋನಿನಲ್ಲಿ ಹೇಳಿದ್ದೇನು, ಬಿಡುಗಡೆ ನಿಲ್ಲಿಸಿದ್ದರಿಂದ ಯಾರು ಸಿಟ್ಟಾದರು, ದೋಷ ನಿಜವೆಂದು ತಿಳಿದ ಮೇಲೆ ಅದರ ಹಿರಿಮೆ ಯಾರಿಗೆ ಸಂದಿತು: ಇವನ್ನು ಬರೆದರೆ ಅಭ್ಯರ್ಥಿಯ ತೀರ್ಮಾನಶಕ್ತಿಯೂ ಸ್ವಭಾವವೂ ತಾವಾಗಿ ಹೊರಬೀಳುತ್ತವೆ. ಹೊರಗೆ ನಡೆದದ್ದಕ್ಕೆ ಮೂರನೇ ಒಂದು ಪಾಲು, ಮನಸ್ಸಿನಲ್ಲಿ ನಡೆದದ್ದಕ್ಕೂ ಮಾಡಿದ್ದಕ್ಕೂ ಉಳಿದೆರಡು ಪಾಲು ಎಂಬುದು ಒಳ್ಳೆಯ ಅಳತೆ. ಮೊದಲ ಕರಡುಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ: ಪ್ರಾಜೆಕ್ಟಿನ ವರ್ಣನೆಗೇ ಪದಗಳೆಲ್ಲ ಮುಗಿದಿರುತ್ತವೆ.

ನಮ್ಮಲ್ಲಿ ಸ್ವಂತದ್ದನ್ನು ಹೇಳಿಕೊಳ್ಳುವುದು ಜಂಬವೆಂಬ ಅಳುಕಿದೆ. ಅದರ ಫಲವಾಗಿ ಪ್ರಬಂಧದ ತುಂಬ ತಂಡವೇ ಎಲ್ಲವನ್ನೂ ಮಾಡಿರುತ್ತದೆ, ಅಭ್ಯರ್ಥಿ ಮಾಡಿದ್ದೇನೆಂದು ತಿಳಿಯುವುದಿಲ್ಲ. ಇತರರ ಪಾಲನ್ನು ಒಪ್ಪಿಕೊಂಡೇ ತನ್ನ ಪಾಲನ್ನು ಹೇಳಿದರೆ ಅದು ಜಂಬವಾಗುವುದಿಲ್ಲ. ಸೋಲಿನ ಬಗ್ಗೆ ಕೇಳಿದಾಗಲೂ ಅಷ್ಟೆ. ‘ಅತಿಯಾಗಿ ಕೆಲಸ ಮಾಡುವುದೇ ನನ್ನ ದೌರ್ಬಲ್ಯ’ ಎಂಬ ಜಾಣತನ ಎಲ್ಲರಿಗೂ ಗೊತ್ತಿರುವಂಥದ್ದು. ನಿಜವಾದ ಸೋಲು, ಅದರಲ್ಲಿ ತನ್ನ ತಪ್ಪು, ಮುಂದಿನ ಸಲ ಬದಲಿಸಿಕೊಂಡದ್ದು ಇಷ್ಟಿದ್ದರೆ ಸಾಕು.

ಶಿಫಾರಸು ಯಾರಿಂದ?

ಹೆಚ್ಚಿನ ಶಾಲೆಗಳು ಒಂದೋ ಎರಡೋ ಶಿಫಾರಸು ಪತ್ರ ಕೇಳುತ್ತವೆ. ಒಂದಾದರೂ ನೇರ ಮೇಲಧಿಕಾರಿಯಿಂದ ಬರಬೇಕೆಂದು ಬಯಸುತ್ತವೆ. ಜಿಮ್ಯಾಟ್ ನಡೆಸುವ ಜಿಮ್ಯಾಕ್ ಸಂಸ್ಥೆ ರೂಪಿಸಿದ ಸಾಮಾನ್ಯ ಶಿಫಾರಸು ಪತ್ರವನ್ನು ಅನೇಕ ಶಾಲೆಗಳು ಬಳಸುತ್ತವೆ. ಅದರ ಮುಖ್ಯ ಪ್ರಶ್ನೆಗಳು ಎರಡು. ಇದೇ ಬಗೆಯ ಹುದ್ದೆಯಲ್ಲಿರುವ ಇತರ ಸಮರ್ಥರಿಗೆ ಹೋಲಿಸಿದರೆ ಇವರ ಕೆಲಸ ಹೇಗೆ? ನೀವು ಇವರಿಗೆ ಕೊಟ್ಟ ಮುಖ್ಯವಾದ ತಿದ್ದುಪಡಿಯ ಸಲಹೆ ಯಾವುದು, ಅದಕ್ಕೆ ಇವರು ಹೇಗೆ ಸ್ಪಂದಿಸಿದರು?

ಎರಡನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಹತ್ತಿರದಿಂದ ಕಂಡವರು ಮಾತ್ರ. ದೊಡ್ಡ ಹುದ್ದೆಯ ವೈಸ್ ಪ್ರೆಸಿಡೆಂಟ್ ಬರೆದ ನಾಲ್ಕು ಹೊಗಳಿಕೆಯ ಸಾಲಿಗಿಂತ, ದಿನವೂ ಜೊತೆ ದುಡಿದ ಮ್ಯಾನೇಜರ್ ಬರೆದ ಎರಡು ಘಟನೆಗಳು ಬೆಲೆಯುಳ್ಳವು. ಶಾಸಕರ, ಮಠಾಧೀಶರ, ದೂರದ ನೆಂಟ ಉದ್ಯಮಿಯ ಪತ್ರದಿಂದ ಉಪಯೋಗವಿಲ್ಲ. ಪ್ರಭಾವ ಬಳಸಲು ಹೊರಟಂತೆ ಕಾಣುವ ಅಪಾಯವೂ ಇದೆ.

‘ನೀನೇ ಬರೆದುಕೊಂಡು ಬಾ, ನಾನು ಸಹಿ ಹಾಕ್ತೀನಿ’ ಎನ್ನುವ ಮ್ಯಾನೇಜರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಇದು ಶಾಲೆಗಳ ನಿಯಮಕ್ಕೆ ವಿರುದ್ಧ. ಪ್ರಬಂಧವೂ ಶಿಫಾರಸೂ ಒಂದೇ ಬರವಣಿಗೆಯ ಶೈಲಿಯಲ್ಲಿದ್ದರೆ ನುರಿತ ಓದುಗರಿಗೆ ಅದು ಹೊಳೆಯದೆ ಇರದು. ಹಾಗೆ ಹೇಳುವವರಿಗೆ ಅಭ್ಯರ್ಥಿ ಕೊಡಬಹುದಾದದ್ದು ಒಂದು ಟಿಪ್ಪಣಿ: ಒಟ್ಟಿಗೆ ಮಾಡಿದ ಪ್ರಾಜೆಕ್ಟುಗಳು, ಅಪ್ರೈಸಲ್‌ನಲ್ಲಿ ಬಂದ ಮಾತುಗಳು, ಎಂಬಿಎ ಮಾಡಲು ಹೊರಟ ಕಾರಣ, ಕೊನೆಯ ದಿನಾಂಕ. ಆರೆಂಟು ವಾರ ಮುಂಚೆ ಕೇಳಿಕೊಂಡರೆ ಅವರಿಗೂ ಬರೆಯಲು ಪುರಸೊತ್ತಿರುತ್ತದೆ. ಹೋಗುವ ವಿಷಯ ಆಫೀಸಿನಲ್ಲಿ ಗೊತ್ತಾಗಬಾರದು ಎನ್ನುವವರು ಹಿಂದಿನ ಕಂಪನಿಯ ಮ್ಯಾನೇಜರನ್ನೋ ಕ್ಲೈಂಟ್ ಕಡೆಯವರನ್ನೋ ಕೇಳಿ, ಅದರ ಕಾರಣವನ್ನು ಹೆಚ್ಚಿನ ಮಾಹಿತಿಯ ಅಂಕಣದಲ್ಲಿ ಒಂದು ಸಾಲಿನಲ್ಲಿ ತಿಳಿಸಬಹುದು.

ಆಫೀಸಿನಾಚೆಗಿನ ಬದುಕು

ಅರ್ಜಿಗೆ ಆರು ತಿಂಗಳಿದ್ದಾಗ ಎನ್‌ಜಿಒ ಸೇರುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ದಿನಾಂಕಗಳನ್ನು ನೋಡಿದರೆ ಸಾಕು, ಸಮಿತಿಗೆ ಅದು ತಿಳಿಯುತ್ತದೆ. ಅವರು ನೋಡುವುದು ಸಮಾಜಸೇವೆಯನ್ನೇ ಅಲ್ಲ. ಯಾರೂ ಸಂಬಳ ಕೊಡದಿದ್ದರೂ ಈ ವ್ಯಕ್ತಿ ಯಾವುದರಲ್ಲಿ ಮನಸ್ಸಿಟ್ಟು ತೊಡಗುತ್ತಾನೆ ಎಂಬುದನ್ನು.

ಹತ್ತು ವರ್ಷ ಯಕ್ಷಗಾನದ ವೇಷ ಕಟ್ಟಿದ್ದು, ಊರಿನ ಸರ್ಕಾರಿ ಶಾಲೆಗೆ ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿ ಗ್ರಂಥಾಲಯ ಮಾಡಿದ್ದು, ಅಪಾರ್ಟ್‌ಮೆಂಟಿನ ಮಳೆನೀರು ಸಂಗ್ರಹಕ್ಕೆ ಒಪ್ಪದ ನಿವಾಸಿಗಳನ್ನು ಒಪ್ಪಿಸಿದ್ದು, ಅಪ್ಪನ ಅಂಗಡಿಯ ಲೆಕ್ಕವನ್ನು ಶಾಲೆಯ ದಿನಗಳಿಂದ ನೋಡಿಕೊಂಡದ್ದು: ಇವನ್ನು ಅನೇಕರು ಅರ್ಜಿಗೆ ತಕ್ಕದ್ದಲ್ಲವೆಂದು ಬಿಟ್ಟುಬಿಡುತ್ತಾರೆ. ವಿದೇಶಿ ತರಗತಿಯೊಂದಕ್ಕೆ ಬೇರೆ ಯಾರೂ ತರಲಾರದ ಅನುಭವಗಳು ಇವೇ. ಮನೆಯ ಜವಾಬ್ದಾರಿಯಿಂದಾಗಿ ಆಫೀಸಿನಾಚೆ ಏನೂ ಮಾಡಲಾಗದವರು ಆ ಜವಾಬ್ದಾರಿಯನ್ನೇ ನೇರವಾಗಿ ಹೇಳಬಹುದು. ತಂಗಿಯ ಓದಿನ ಖರ್ಚು ಹೊತ್ತವರಿಗೆ ಮ್ಯಾರಥಾನ್ ಓಡಿದ ಪದಕ ಬೇಕಿಲ್ಲ.

ಸಂದರ್ಶನ

ಸಂದರ್ಶನದ ರೀತಿಯೂ ಶಾಲೆಯಿಂದ ಶಾಲೆಗೆ ಬೇರೆ. ಹಾರ್ವರ್ಡಿನಲ್ಲಿ ಕರೆ ಬಂದವರಿಗೆ ಮಾತ್ರ ಸಂದರ್ಶನ. ಅರ್ಜಿಯನ್ನು ಪೂರ್ತಿ ಓದಿದ ಪ್ರವೇಶ ವಿಭಾಗದವರು 30 ನಿಮಿಷ ಕೇಳುತ್ತಾರೆ. ವಾರ್ಟನ್ 2012ರಿಂದ ಗುಂಪು ಚರ್ಚೆ ನಡೆಸುತ್ತಿದೆ. ಐದಾರು ಅಭ್ಯರ್ಥಿಗಳು 35 ನಿಮಿಷದಲ್ಲಿ ಒಂದು ಸಮಸ್ಯೆಗೆ ಒಟ್ಟಾಗಿ ಪರಿಹಾರ ಹುಡುಕಬೇಕು. ಆಮೇಲೆ ಒಬ್ಬೊಬ್ಬರ ಜೊತೆ ಚುಟುಕು ಮಾತುಕತೆ. ಇನ್ಸಿಯಾಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಸಂದರ್ಶಿಸುತ್ತಾರೆ. ಕೆಲಾಗ್‌ನಂಥ ಶಾಲೆಗಳು ವಿಡಿಯೊ ಉತ್ತರವನ್ನೂ ಕೇಳುತ್ತವೆ: ಪ್ರಶ್ನೆ ಪರದೆಯ ಮೇಲೆ ಬಂದ ಕೂಡಲೇ ಕ್ಯಾಮೆರಾ ನೋಡಿ ಉತ್ತರಿಸಬೇಕು.

ವಾರ್ಟನ್ನಿನ ಚರ್ಚೆಯಲ್ಲಿ ನಮ್ಮ ಇಂಜಿನಿಯರುಗಳು ಜಾರುವುದು ಎರಡು ಕಡೆ. ಕೆಲವರು ಕಾಲೇಜಿನ ಪ್ಲೇಸ್‌ಮೆಂಟ್ ಗುಂಪು ಚರ್ಚೆಯಂತೆ ಎಲ್ಲರಿಗಿಂತ ಹೆಚ್ಚು ಮಾತಾಡಲು ಹೊರಡುತ್ತಾರೆ. ಕೆಲವರು ಬಾಯಿಯೇ ಬಿಡುವುದಿಲ್ಲ. ಇತರರ ಮಾತನ್ನು ಹಿಡಿದು ಮುಂದುವರಿಸುವುದು, ಸಮಯ ನೋಡಿಕೊಳ್ಳುವುದು, ಸುಮ್ಮನಿದ್ದವರನ್ನು ಮಾತಿಗೆಳೆಯುವುದು ಅಲ್ಲಿ ಲೆಕ್ಕಕ್ಕೆ ಬರುವ ಗುಣಗಳು.

ತಯಾರಿಯೆಂದರೆ ಉತ್ತರ ಬಾಯಿಪಾಠ ಮಾಡುವುದಲ್ಲ. ತಾನು ಕಳಿಸಿದ ಅರ್ಜಿಯ ಪ್ರತಿ ಸಾಲಿನ ಹಿಂದಿರುವ ವಿವರ ನಾಲಗೆಯ ತುದಿಯಲ್ಲಿರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಉಚ್ಚಾರಣೆಗೆ ಅಂಜಬೇಕಿಲ್ಲ. ಅಲ್ಲಿ ಕೂತವರು ಜಗತ್ತಿನ ಎಲ್ಲ ಬಗೆಯ ಇಂಗ್ಲಿಷ್ ಕೇಳಿದವರು. ಮಾತು ನಿಧಾನವಾಗಿ, ವಾಕ್ಯ ಚಿಕ್ಕದಾಗಿ, ಹೇಳಬೇಕಾದ್ದು ಮೊದಲಿಗೆ ಬಂದರೆ ಅದೇ ಚೆನ್ನ.

ಪ್ರಾಮಾಣಿಕತೆಯ ಲೆಕ್ಕ

2012ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಆ್ಯಂಡರ್ಸನ್ ಶಾಲೆ 52 ಅರ್ಜಿಗಳನ್ನು ಕೃತಿಚೌರ್ಯದ ಕಾರಣಕ್ಕೆ ತಿರಸ್ಕರಿಸಿತು. ಪ್ರಬಂಧಗಳನ್ನು ಅದು ನಕಲು ಪತ್ತೆಹಚ್ಚುವ ತಂತ್ರಾಂಶದಲ್ಲಿ ಹಾಯಿಸಿತ್ತು. ಪ್ರವೇಶ ಸಿಕ್ಕ ಮೇಲೂ ಅನೇಕ ಶಾಲೆಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ: ಕೆಲಸ ಮಾಡಿದ ತಿಂಗಳು, ಹುದ್ದೆ, ಸಂಬಳ, ಪದವಿ, ಶಿಫಾರಸು ಬರೆದವರು ಎಲ್ಲವೂ ತಾಳೆಯಾಗಬೇಕು. ಸುಳ್ಳು ಸಿಕ್ಕಿಬಿದ್ದರೆ ಕೈಗೆ ಬಂದ ಸೀಟೂ ಹೋಗುತ್ತದೆ.

ಕನ್ಸಲ್ಟೆಂಟರ ನೆರವು ಪಡೆಯುವುದು ಬೆಂಗಳೂರಿನಲ್ಲಿ ಸಾಮಾನ್ಯ. ಪ್ರಶ್ನೆ ಕೇಳಿ ಯೋಚನೆಗೆ ಹಚ್ಚುವವರು, ಕರಡಿನ ಸಡಿಲ ಜಾಗ ತೋರಿಸುವವರು ಉಪಯೋಗಕ್ಕೆ ಬರುತ್ತಾರೆ. ಪ್ರಬಂಧವನ್ನೇ ಬರೆದುಕೊಡುವವರು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬರೆದುಕೊಡುತ್ತಾರೆ. ಎದ್ದು ಕಾಣಬೇಕಾದ ಅರ್ಜಿ ಮತ್ತೆ ರಾಶಿಗೆ ಸೇರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧದ ಪಾಡೂ ಇದೇ. ಅದರ ಬಳಕೆಯ ಬಗ್ಗೆ ಶಾಲೆಗಳು ಬೇರೆ ಬೇರೆ ನಿಯಮ ಮಾಡಿವೆ. ಅರ್ಜಿ ಹಾಕುವ ಶಾಲೆಯ ನಿಯಮವನ್ನು ಓದಿಕೊಳ್ಳುವುದು ಅಭ್ಯರ್ಥಿಯ ಹೊಣೆ.

ಸಮಯ ಮತ್ತು ಸುತ್ತುಗಳು

ಅಮೆರಿಕದ ದೊಡ್ಡ ಶಾಲೆಗಳ ಮೊದಲ ಸುತ್ತು ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಮೂರನೇ ಸುತ್ತಿರುವ ಕಡೆ ಸೀಟೂ ಕಡಿಮೆ, ವಿದ್ಯಾರ್ಥಿವೇತನವೂ ಕಡಿಮೆ, ವೀಸಾಕ್ಕೆ ಸಿಗುವ ಸಮಯವೂ ಕಡಿಮೆ. ಭಾರತದಿಂದ ಹೋಗುವವರಿಗೆ ಮೊದಲೆರಡು ಸುತ್ತುಗಳೇ ಸರಿ. ಆದರೆ ಮೊದಲ ಸುತ್ತಿಗೆ ಅರೆಬೆಂದ ಅರ್ಜಿ ಕಳಿಸುವುದಕ್ಕಿಂತ ಎರಡನೆಯದಕ್ಕೆ ಹದವಾದದ್ದನ್ನು ಕಳಿಸುವುದು ಮೇಲು. ಅರ್ಜಿ ಶುಲ್ಕ ಹೆಸರಾಂತ ಶಾಲೆಗಳಲ್ಲಿ 250 ಡಾಲರಿನ ಆಸುಪಾಸಿನಲ್ಲಿದೆ. ಹತ್ತು ಕಡೆ ಹಾಕುವ ಬದಲು ನಾಲ್ಕೈದು ಕಡೆ ಮನಸ್ಸಿಟ್ಟು ಹಾಕಿದರೆ ಹಣವೂ ಉಳಿಯುತ್ತದೆ, ಗುಣವೂ ಕೆಡುವುದಿಲ್ಲ.

ಹೀಗಾಗಿ ಸೆಪ್ಟೆಂಬರಿಗೆ ಅರ್ಜಿ ಹಾಕುವವರು ಹಿಂದಿನ ವರ್ಷದ ಕೊನೆಗೇ ಪರೀಕ್ಷೆಯ ಓದು ಹಿಡಿದು, ಏಪ್ರಿಲಿಗೆ ಸ್ಕೋರು ಕೈಯಲ್ಲಿಟ್ಟುಕೊಂಡು, ಮೇ–ಜೂನಿನಲ್ಲಿ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ, ಜುಲೈ–ಆಗಸ್ಟ್‌ನಲ್ಲಿ ಪ್ರಬಂಧ ತಿದ್ದುವುದು ಅನುಕೂಲ. ಪದವಿಯ ಕೊನೆಯ ವರ್ಷದಲ್ಲಿರುವವರಿಗೆ ಹಾರ್ವರ್ಡಿನ 2+2ರಂಥ ಯೋಜನೆಗಳಿವೆ: ಸೀಟು ಮೊದಲೇ ಕಾದಿರಿಸಿ, ಕೆಲವು ವರ್ಷ ಕೆಲಸ ಮಾಡಿ ಬಂದು ಸೇರುವುದು.

ಒಮ್ಮೆ ಸಿಗದಿದ್ದರೆ ಮತ್ತೆ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ. ಹಳೆಯ ಅರ್ಜಿ ಶಾಲೆಯ ಕಡತದಲ್ಲಿರುತ್ತದೆ; ಹಿಂದಿನ ವರ್ಷದಿಂದ ಈಚೆಗೆ ಬದಲಾದದ್ದೇನು ಎಂಬುದನ್ನೇ ಅವರು ನೋಡುತ್ತಾರೆ. ಹೊಸ ಹೊಣೆ, ಉತ್ತಮಗೊಂಡ ಸ್ಕೋರು, ಸ್ಪಷ್ಟವಾದ ಗುರಿ ಇವುಗಳಲ್ಲಿ ಒಂದಾದರೂ ಇರದೆ ಅದೇ ಅರ್ಜಿಯನ್ನು ಮತ್ತೆ ಕಳಿಸಿದರೆ ಬರುವ ಉತ್ತರವೂ ಅದೇ.

ಒಳ್ಳೆಯ ಅರ್ಜಿಯ ಪರೀಕ್ಷೆ ಸರಳ. ಅರ್ಜಿಯ ಮೇಲಿನ ಹೆಸರು ಮುಚ್ಚಿ, ಅಭ್ಯರ್ಥಿಯನ್ನು ಚೆನ್ನಾಗಿ ಬಲ್ಲ ಗೆಳೆಯನಿಗೆ ಓದಲು ಕೊಡಬೇಕು. ಇದು ಯಾರದೆಂದು ಅವನು ಗುರುತು ಹಿಡಿದರೆ ಕಳಿಸಬಹುದು. ಆಫೀಸಿನ ಯಾರದಾದರೂ ಆಗಬಹುದು ಎಂದರೆ ಇನ್ನೊಮ್ಮೆ ಬರೆಯಬೇಕು.